ಕೇರಾಫ್ ಗೊಬ್ಬರದಂಗಡಿ

ಸೊರಬದಿಂದ ಚಂದ್ರಗುತ್ತಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಮಣ್ಣುರಸ್ತೆಯಲ್ಲಿ ಎರಡು ಮೈಲಿ ನಡೆದರೆ ನಮ್ಮ ಮನೆ. ಅಲ್ಲಿ ಬೀದಿ, ಅಡ್ಡರಸ್ತೆ ಎಂಬುದೇನೂ ಇಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಕೂಗಳತೆ ದೂರ, ನಡುವೆ ಅಡಿಕೆ ತೋಟ. ಹಾಗಾಗಿ ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ವಿಳಾಸದಲ್ಲಿ ಊರಿನ ಹೆಸರಿಗಿಂತ ಮುಂಚೆ ಸೊರಬ ಪೇಟೆಯ ಗೊಬ್ಬರದಂಗಡಿ ಬರುತ್ತಿತ್ತು. ಅಪ್ಪಯ್ಯ ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾದಾರರು. ಪುಸ್ತಕದ ಕಟ್ಟು ಬಂದರೆ ಅಂಗಡಿಯವರೇ ಸಹಿ ಹಾಕಿ, ವಿ.ಪಿ.ಪಿ. ಆದರೆ ಕೈಯಿಂದ ದುಡ್ಡು ಕೊಟ್ಟು, ಬಿಡಿಸಿಕೊಂಡು ತಕ್ಕಡಿಯ ಹಿಂದಿನ ಗೂಡಿನಲ್ಲಿ ಇಡುತ್ತಿದ್ದರು. ಅಡಿಕೆ ಮಾರಿದ ಮೇಲೆ ಲೆಕ್ಕ ಚುಕ್ತಾ. ಚೀಟಿ, ರಸೀದಿ ಯಾವುದೂ ಇರಲಿಲ್ಲ.

ಈ ಗೂಡು ನನಗೆ ಮತ್ತೆ ನೆನಪಾದದ್ದು 2022ರ ಮಳೆಗಾಲದಲ್ಲಿ, ಇಂಗ್ಲೆಂಡಿನಲ್ಲಿ ನನ್ನದೊಂದು ವಿಳಾಸ ಹುಟ್ಟಿಕೊಂಡಾಗ.

ನಾನು ಶಿಕಾರಿಪುರದಲ್ಲಿ ಪಾಠ ಹೇಳುತ್ತೇನೆ. ಶನಿವಾರ ಶಿರಾಳಕೊಪ್ಪದ ಮೇಲೆ ಹಾದು ಸೊರಬಕ್ಕೆ ಬರುತ್ತೇನೆ. ಆ ದಾರಿಯ ಆಚೀಚೆ ನೆಲದಲ್ಲಿ ಕಲ್ಲುಗಳೆಲ್ಲ ಮಾತಾಡುವಂಥವು. ಬಳ್ಳಿಗಾವಿ ಅಲ್ಲೇ, ತಾಳಗುಂದವೂ ಅಲ್ಲೇ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿ ಕದಂಬರ ಮಯೂರಶರ್ಮನ ಕಥೆ ಬರೆದಿಟ್ಟಿದ್ದಾನೆ. ಆ ಕಂಬವನ್ನು 1894ರಲ್ಲಿ ಗುರುತಿಸಿದವರು ಬಿ.ಎಲ್. ರೈಸ್. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲೂಕಿನ ಶಾಸನಗಳಿವೆ, ಅದು 1902ರದ್ದು. ಸೊರಬದವು ಎಂಟನೆಯದರಲ್ಲಿ, 1904ರದ್ದು. ವಾರದ ಐದು ದಿನ ಏಳನೆಯ ಸಂಪುಟದಲ್ಲಿಯೂ ಎರಡು ದಿನ ಎಂಟನೆಯದರಲ್ಲಿಯೂ ನನ್ನ ಬದುಕು.

ಎರಡೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನನಗೆ ಅಷ್ಟು ಸಾಕಾಗಿತ್ತು. ಅಪ್ಪಯ್ಯನಿಗೆ ಸಾಲದು. ಅವರಿಗೆ ಎಂಬತ್ತು ದಾಟಿದೆ, ಮೊಬೈಲಿನ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಮೇಷ್ಟರಾಗಿದ್ದ ಕಾಲದಲ್ಲಿ ಒಮ್ಮೆ ಶಿವಮೊಗ್ಗದಲ್ಲಿ ಆ ಎಂಟನೆಯ ಸಂಪುಟ ಕೈಗೆ ಸಿಕ್ಕಿ, ನಮ್ಮೂರ ಕೆರೆ ಏರಿಯ ವೀರಗಲ್ಲಿನ ಪಾಠವನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದರು. ಆ ಹಾಳೆಯನ್ನು ಗೆದ್ದಲು ತಿಂದಿತು. “ಪುಸ್ತಕವನ್ನೇ ಒಂದು ಸಲ ಕೈಯಲ್ಲಿ ಹಿಡೀಬೇಕಿತ್ತು ನೋಡು” ಎಂದರು ಒಂದು ಸಂಜೆ. ಅವರು ಬಾಯಿಬಿಟ್ಟು ಏನನ್ನಾದರೂ ಕೇಳುವವರಲ್ಲ.

ಹುಡುಕಿದೆ. ಸಂಪುಟಗಳು ಇಂಗ್ಲೆಂಡಿನ ಎರಡು ಹಳೆಪುಸ್ತಕದಂಗಡಿಗಳಲ್ಲಿದ್ದವು, ಏಳು ಒಂದು ಕಡೆ, ಎಂಟು ಇನ್ನೊಂದು ಕಡೆ. ಇಬ್ಬರೂ ತಮ್ಮ ದೇಶದ ಹೊರಗೆ ಕಳಿಸುವುದಿಲ್ಲ ಎಂದರು. ಮುಂಚೆ ಇಂಥದ್ದಕ್ಕೆ ನಮ್ಮ ಕಡೆ ಇದ್ದ ದಾರಿ ಒಂದೇ: ಯಾರದಾದರೂ ಮಗಳು, ಅಳಿಯ ರಜೆಗೆ ಬರುವವರೆಗೆ ಕಾಯುವುದು. ಅವರ ಪೆಟ್ಟಿಗೆಯಲ್ಲಿ ಆಗಲೇ ಹತ್ತು ಮನೆಯ ಸಾಮಾನು ತುಂಬಿರುತ್ತದೆ. ಐದು ಕಿಲೊ ಪುಸ್ತಕ ಹೊತ್ತು ತಾ ಎನ್ನಲು ನನಗೆ ನಾಲಗೆ ಬರಲಿಲ್ಲ. ಆಗ ಗೊತ್ತಾದದ್ದು ಪಾರ್ಸೆಲ್ ಮುಂದೆ ಕಳಿಸಿಕೊಡುವ ಕಂಪನಿಗಳ ವಿಷಯ.

ಕೆಲಸ ಇಷ್ಟೆ. ಹೆಸರು ನೋಂದಾಯಿಸಿದರೆ ಅವರ ಗೋದಾಮಿನ ವಿಳಾಸವನ್ನೇ ನಮಗೆ ಕೊಡುತ್ತಾರೆ, ಜೊತೆಗೊಂದು ಸಂಖ್ಯೆ. ಅಂಗಡಿಯವನು ಅಲ್ಲಿಗೆ ಕಳಿಸುತ್ತಾನೆ. ಸಂಖ್ಯೆ ನೋಡಿ ಇದು ಇಂಥವರದು ಎಂದು ತೆಗೆದಿಟ್ಟು, ನಾವು ಹೇಳಿದಾಗ ಕಟ್ಟಿ ವಿಮಾನಕ್ಕೆ ಹಾಕುತ್ತಾರೆ. ಅಮೆರಿಕದಲ್ಲಿ ಇಂಥ ಗೋದಾಮುಗಳು ಡೆಲವೇರ್, ಒರೆಗಾನ್‌ಗಳಲ್ಲಿ ಇರುವುದಕ್ಕೂ ಕಾರಣವಿದೆ, ಆ ರಾಜ್ಯಗಳಲ್ಲಿ ಮಾರಾಟ ತೆರಿಗೆ ಇಲ್ಲ. ಬ್ರಿಟನ್ನಿನಲ್ಲಿ ಪುಸ್ತಕಕ್ಕೆ ವ್ಯಾಟ್ ಹತ್ತುವುದಿಲ್ಲ, ಹಾಗಾಗಿ ನನಗೆ ಆ ಚಿಂತೆ ಇರಲಿಲ್ಲ. ಪರದೆಯ ಮೇಲೆ ನನ್ನ ಹೆಸರು, ಅದರ ಮುಂದೆ ಸಂಖ್ಯೆ, ಕೆಳಗೆ ಲಂಡನ್ ಹತ್ತಿರದ ಒಂದು ಕೈಗಾರಿಕಾ ವಸಾಹತು ಮೂಡಿದಾಗ ಬಹಳ ಹೊತ್ತು ನೋಡುತ್ತ ಕೂತೆ. ಇದು ಕೇರಾಫ್ ವಿಳಾಸವೇ. ತಕ್ಕಡಿಯ ಹಿಂದಿನ ಗೂಡೇ.

ಏಳನೆಯ ಸಂಪುಟ ಮೊದಲು ಬಂತು, ಎಂಟನೆಯದು ಹನ್ನೊಂದು ದಿನ ತಡ. ಎರಡನ್ನೂ ಒಂದೇ ಪೆಟ್ಟಿಗೆಗೆ ಸೇರಿಸಿ ಎಂದು ಬರೆದೆ, ಸೇರಿಸಿ ಕಟ್ಟಿದ ಫೋಟೋ ಕಳಿಸಿದರು. ನೂರಿಪ್ಪತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅಚ್ಚಾಗಿ, ಯಾವಾಗಲೋ ಹಡಗು ಹತ್ತಿ ಹೋದ ಶಿಕಾರಿಪುರವೂ ಸೊರಬವೂ ಅಲ್ಲಿ ಒಂದರ ಪಕ್ಕ ಒಂದು ಮಲಗಿದ್ದವು. ರೈಸ್ 1837ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1927ರಲ್ಲಿ ಕಣ್ಣುಮುಚ್ಚಿದ್ದು ಲಂಡನ್ ಪಕ್ಕದ ಹ್ಯಾರೋದಲ್ಲಿ. ಆ ಫೋಟೋ ನೋಡುವಾಗ ಅದೂ ನೆನಪಾಯಿತು.

ಸಾಗಣೆಯ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ತೂಕಕ್ಕೆ ಮಾತ್ರವಲ್ಲ, ಜಾಗಕ್ಕೂ ಬಾಡಿಗೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ; ಬಂದದ್ದಕ್ಕೂ ನಿಜವಾದ ತೂಕಕ್ಕೂ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಪುಸ್ತಕ ಭಾರದ ವಸ್ತು, ಜಾಗ ಕಡಿಮೆ. ಶಿಕಾರಿಪುರದಲ್ಲಿ ನನ್ನ ಪಕ್ಕದ ಮನೆಯ ಹುಡುಗ ಕಾಲಿಗೆ ಸರಿಹೊಂದುವ ಅಳತೆಯ ಫುಟ್‌ಬಾಲ್ ಬೂಟು ತರಿಸಿದ್ದ. ಒಂದು ಕಿಲೊ ಇಲ್ಲದ ಬೂಟಿನ ಡಬ್ಬಿಗೆ ಎರಡೂವರೆ ಕಿಲೊ ಬಾಡಿಗೆ ಬಿತ್ತು. ಅದರ ಮೇಲೆ ಸುಂಕ. ಸ್ವಂತಕ್ಕೆ ತರಿಸುವ ಇಂಥ ಸಾಮಾನಿಗೆ ಆಗ ಮೂಲ ಸುಂಕ ಶೇ 35, ಅದರ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣದ ಹೆಸರಿನಲ್ಲಿ, ಎಲ್ಲ ಸೇರಿದ ಮೇಲೆ ಜಿ.ಎಸ್.ಟಿ. ಶೇ 28. ಕೂಡಿದರೆ ನೂರು ರೂಪಾಯಿಗೆ ಎಪ್ಪತ್ತೇಳು. ಆ ನೂರರೊಳಗೆ ದಾರಿಯ ಖರ್ಚು, ವಿಮೆಯೂ ಸೇರಿರುತ್ತವೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಹುಡುಗ ಕಟ್ಟಿದ ದುಡ್ಡು ಅವನ ಅಮ್ಮನ ಎರಡು ತಿಂಗಳ ಉಳಿತಾಯ. ಪುಸ್ತಕಕ್ಕೆ ಸುಂಕ ಕಡಿಮೆ. 2019ರ ಬಜೆಟ್ಟಿನವರೆಗೆ ಇರಲೇ ಇಲ್ಲ, ಆಮೇಲೆ ಶೇ 5 ಆಯಿತು. “ಗಿಫ್ಟ್ ಅಂತ ಬರೆಸಿಬಿಡಿ ಸರ್” ಎಂದ ಸಹೋದ್ಯೋಗಿಯೊಬ್ಬರ ಸಲಹೆಯನ್ನು ನಾನು ಕೇಳಲಿಲ್ಲ. 2019ರ ಡಿಸೆಂಬರಿನಿಂದ ಅಂಚೆ, ಕೊರಿಯರಿನಲ್ಲಿ ಉಡುಗೊರೆಯೆಂದು ಸುಂಕವಿಲ್ಲದೆ ತರಿಸುವಂತಿಲ್ಲ. ಜೀವ ಉಳಿಸುವ ಔಷಧಿಗೂ ರಾಖಿಗೂ ಮಾತ್ರ ವಿನಾಯಿತಿ. ಅಲ್ಲದೆ ಅಪ್ಪಯ್ಯ ಕೈಯಲ್ಲಿ ಹಿಡಿಯುವ ಪುಸ್ತಕ ಸುಳ್ಳು ಚೀಟಿ ಅಂಟಿಸಿಕೊಂಡು ಬರುವುದು ನನಗೆ ಬೇಡವಾಗಿತ್ತು.

ಆಧಾರ್ ಕಳಿಸಿದೆ, ಬಿಲ್ ಕಳಿಸಿದೆ. ಪೆಟ್ಟಿಗೆ ಏಳು ಸಾವಿರ ಕಿಲೊಮೀಟರಿಗಿಂತ ಹೆಚ್ಚು ದೂರ ನಾಲ್ಕೈದು ದಿನದಲ್ಲಿ ದಾಟಿತು. ಆಮೇಲೆ ನಿಂತಿತು. ಕೊರಿಯರಿನಿಂದ ಫೋನು: “ನಿಮ್ಮ ಹಳ್ಳಿಗೆ ಡೆಲಿವರಿ ಇಲ್ಲ ಸರ್. ಪೇಟೆಯಲ್ಲಿ ಯಾವುದಾದರೂ ಅಡ್ರೆಸ್ ಇದ್ದರೆ ಹೇಳಿ.”

ನಾನು ಗೊಬ್ಬರದಂಗಡಿಯ ಹೆಸರು ಹೇಳಿದೆ.

ಈಗ ಅಲ್ಲಿ ಕೂರುವುದು ಹಿಂದಿನವರ ಮಗ. ಶನಿವಾರ ಹೋದಾಗ ಮಳೆ ಜಡಿಯುತ್ತಿತ್ತು. ಅವರು ಪೆಟ್ಟಿಗೆಗೆ ಯೂರಿಯಾ ಚೀಲದೊಳಗಿನ ಪ್ಲಾಸ್ಟಿಕ್ ಪದರವನ್ನು ತೊಳೆದು, ಒಣಗಿಸಿ, ಎರಡು ಸುತ್ತು ಹೊದಿಸಿ, ಬಾಳೆಪಟ್ಟೆಯ ಹುರಿಯಲ್ಲಿ ಬಿಗಿದಿದ್ದರು. ಸುಂಕದ ದುಡ್ಡನ್ನೂ ಕೊಟ್ಟಿದ್ದರು.

“ಇದೇನು ಮೇಷ್ಟ್ರೇ, ಇಷ್ಟು ಭಾರ? ನಮ್ಮಪ್ಪನ ಕಾಲದಲ್ಲಿ ನಿಮ್ಮ ಕಟ್ಟು ಹಗುರ ಇರ್ತಿದ್ವು.”

ಅಲ್ಲೇ ಬಿಚ್ಚಿದೆ. ಅಗಲವಾದ ಹಾಳೆ, ಅಂಚು ಚಹಾದ ಬಣ್ಣಕ್ಕೆ ತಿರುಗಿದೆ, ಒಂದು ಗ್ರಂಥಾಲಯದ ಮಾಸಿದ ಮುದ್ರೆ. ಏಳನೆಯದರಲ್ಲಿ ಬಂದಳಿಕೆಯ ಜಕ್ಕಿಯಬ್ಬೆ ಸಿಕ್ಕಳು. ಗಂಡ ತೀರಿದ ಮೇಲೆ ನಾಗರಖಂಡ ಎಪ್ಪತ್ತನ್ನು ತಾನೇ ಆಳಿ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡವಳು. ಸಾವಿರದ ನೂರು ವರ್ಷದ ಹಿಂದಿನ ಹೆಂಗಸು. ಅಂಗಡಿಯವರು ಕತ್ತು ಚಾಚಿ ಕೇಳಿಸಿಕೊಂಡರು. ಗಿರಾಕಿಗಳಿಬ್ಬರು ಪೊಟ್ಯಾಷ್ ಚೀಲದ ಮೇಲೆ ಕೂತೇ ಬಿಟ್ಟರು.

“ನಮ್ಮದು ಇದೆಯಾ ಇದರಲ್ಲಿ? ಉದ್ರಿ?”

ಅವರ ಮೂಲ ಉದ್ರಿಯೆಂದು ನನಗೆ ಅಂದೇ ತಿಳಿದದ್ದು. ಎಂಟನೆಯ ಸಂಪುಟ ತೆರೆದೆ. ಉದ್ರಿಗೆ ಒಂದಲ್ಲ, ಹಲವು ಶಾಸನ. ರೈಸ್ ಇಂಗ್ಲಿಷ್ ಅನುವಾದ ಮಾಡಿ, ರೋಮನ್ ಲಿಪಿಯಲ್ಲಿ ಕೊಟ್ಟು, ಅಷ್ಟಕ್ಕೇ ನಿಲ್ಲಿಸದೆ ಇಡೀ ಪಾಠವನ್ನು ಕನ್ನಡ ಅಚ್ಚಿನಲ್ಲಿಯೂ ಹಾಕಿಸಿದ್ದರು. ಆ ಭಾಗ ತೆಗೆದು ಪುಸ್ತಕವನ್ನು ಅವರ ಕಡೆ ತಿರುಗಿಸಿದೆ. ಅವರು ಮುಟ್ಟಲಿಲ್ಲ. ಒಳಗೆ ಹೋಗಿ ಕೈ ತೊಳೆದು, ಪಂಚೆಗೆ ಒರೆಸಿ, ಬಂದು ಬೆರಳಿಟ್ಟರು.

“ಎಕ್ಕಲ...” ಎಂದು ಕೂಡಿಸಿ ಕೂಡಿಸಿ ಓದತೊಡಗಿದರು. ಹೊರಗೆ ಮಳೆ. ತಕ್ಕಡಿಯ ಮೇಲೆ ಯಾರದೋ ಅರ್ಧ ತೂಗಿದ ಮೈಲುತುತ್ತ. ಅವರು ಸಾಲು ಮುಗಿಸುವವರೆಗೆ ಯಾರೂ ಎದ್ದು ಹೋಗಲಿಲ್ಲ. ಮನೆಯಲ್ಲಿ ಅಪ್ಪಯ್ಯ ಕಾಯುತ್ತಿರುತ್ತಾರೆ ಎಂದು ನನಗೆ ಗೊತ್ತಿತ್ತು, ಆದರೂ ಮುಂದಿನ ಪುಟ ತಿರುವಿದೆ.