ಕಡಲು ಬಿಟ್ಟದ್ದು

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ, ಕಾಪು ದೀಪಸ್ತಂಭದ ಬಂಡೆಗಳ ಬುಡದಲ್ಲಿ ಕಂದುಬಣ್ಣದ ಪಾಚಿ ಬಂದು ಬೀಳುತ್ತಿತ್ತು. ಇಳಿತದ ಹೊತ್ತು ನೋಡಿಕೊಂಡು ಅಜ್ಜಿ ಹೊರಟರೆ ಅಕ್ಕ, ನಾನು, ಚಿಕ್ಕಮ್ಮನ ಮಗ ಮೂವರೂ ಹೆಡಿಗೆ ಹಿಡಿದು ಹಿಂದೆಯೇ ಓಡುತ್ತಿದ್ದೆವು. 1970ರ ದಶಕದ ಮಾತಿದು.

ಅಜ್ಜಿಯದ್ದು ಒಂದೇ ಕಾನೂನು. ಕಲ್ಲಿಗೆ ಅಂಟಿಕೊಂಡದ್ದನ್ನು ಮುಟ್ಟಬಾರದು. “ಅದು ಕಡಲಿನದ್ದು. ಬಿದ್ದದ್ದು ಮಾತ್ರ ನಮ್ಮದು.” ಆ ಪಾಚಿಯ ಮರೆಯಲ್ಲಿ ಮೀನಿನ ಮರಿಗಳು ಅಡಗಿ ಬೆಳೆಯುತ್ತವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ಕಣ್ಣೆಲ್ಲ ಪಾಚಿಯ ಮಣಿಗಳ ಮೇಲೆ. ಸರ್ಗಾಸಮ್ ಎಂಬ ಆ ಪಾಚಿಯ ಎಲೆಯ ಸಂದಿಯಲ್ಲಿ ಕೊತ್ತಂಬರಿ ಕಾಳಿನಷ್ಟು ಗಾತ್ರದ, ಗಾಳಿ ತುಂಬಿದ ಮಣಿಗಳು ಇರುತ್ತವೆ. ಬಂಡೆ ಕಚ್ಚಿದ ಗಿಡ ನೀರಿನೊಳಗೆ ನೆಟ್ಟಗೆ ನಿಲ್ಲುವುದು ಇವುಗಳ ದೆಸೆಯಿಂದ. ಎರಡು ಬೆರಳ ನಡುವೆ ಒತ್ತಿದರೆ ‘ಟಪ್’. ಅಕ್ಕ ನೂರರವರೆಗೆ ಎಣಿಸುತ್ತ ಒಡೆಯುವಳು. ಅವಳ ಹೆಡಿಗೆ ಅರ್ಧವೂ ತುಂಬುತ್ತಿರಲಿಲ್ಲ. ಹೊತ್ತು ತರುವಾಗ ಉಪ್ಪುನೀರು ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿ, ಒಣಗಿ, ಬಿಳಿ ಗೆರೆ ಬಿಡುತ್ತಿತ್ತು.

ಹಲಸಿನ ಮರದ ಕೆಳಗೆ ರಾಶಿ ಹಾಕುತ್ತಿದ್ದೆವು. ಮೂರನೆಯ ದಿನಕ್ಕೆ ನಾತ ಅಂಗಳ ದಾಟಿ ನೆರೆಮನೆಗೂ ಹೋಗುತ್ತಿತ್ತು. ಬೇಗ ಗಿಡಗಳ ಬುಡಕ್ಕೆ ಗೊಬ್ಬರವಾಗಿ ಹಾಕಿ ಮುಗಿಸೋಣವೆಂದು ನಾವು ಗೋಗರೆದರೆ ಅಜ್ಜಿ, “ಅವಸರ ಎಂತದ್ದು? ಎರಡು ಮಳೆ ಬೀಳಲಿ, ಉಪ್ಪು ಇಳೀಲಿ” ಅನ್ನುವರು. ಬಸಳೆ ಚಪ್ಪರಕ್ಕೂ ಹರಿವೆ ಸಾಲಿಗೂ ಮಳೆಯಲ್ಲಿ ತೊಳೆದದ್ದೇ ಆಗಬೇಕು. ತೆಂಗಿಗೆ ಅಷ್ಟು ಮಡಿ ಇಲ್ಲ. ಗಿಡ ನೆಡುವ ಗುಂಡಿಗೇ ಉಪ್ಪು ಹಾಕುವ ಊರು ನಮ್ಮದು.

ಮಳೆ ಹಿಡಿದ ಮೇಲೆ ಮಾವ ತೆಂಗಿನ ಬುಡ ಬಿಡಿಸುವರು. ಪಾಚಿ, ಸುಡುಮಣ್ಣು, ಹಟ್ಟಿಗೊಬ್ಬರ, ಮೇಲೆ ಸೊಪ್ಪು. ಬೂತಾಯಿ ಮೀನು ಹೆಚ್ಚು ಸಿಕ್ಕ ವರ್ಷವಾದರೆ ಅದಕ್ಕೂ ಅಲ್ಲೊಂದು ಪಾಲು. ರಂಪಣಿ ಬಲೆಯನ್ನು ಐವತ್ತು ಅರವತ್ತು ಮಂದಿ ದಡದಿಂದ ಎಳೆಯುತ್ತಿದ್ದ ಕಾಲ ಅದು. ತಿಂದು, ಮಾರಿ, ಒಣಗಿಸಿ ಮಿಕ್ಕ ಬೂತಾಯಿ ತೆಂಗಿನ ಬುಡ ಸೇರುತ್ತಿತ್ತು. ನಾಯಿ ಕೆದಕದಂತೆ ಮಡಲು ಮುಚ್ಚಿ ಕಾಯುವ ಕೆಲಸ ಮಕ್ಕಳದ್ದು. ಪರ್ಸೀನ್ ಬೋಟುಗಳು ಬಂದ ಮೇಲೆ ಆ ದಶಕದ ಕೊನೆಗೆ ರಂಪಣಿ ಹಿಂದೆ ಸರಿಯಿತು. ಬುಡಕ್ಕೆ ಮೀನು ಹಾಕುವುದೂ ಕಡಿಮೆಯಾಯಿತು.

ಅಜ್ಜಿಯ ಲೆಕ್ಕ ಎಷ್ಟು ಸರಿಯಿತ್ತೆಂದು ಆಮೇಲೆ ಓದಿ ತಿಳಿದುಕೊಂಡೆ. ಪಾಚಿಯಲ್ಲಿ ಪೊಟ್ಯಾಶ್ ಧಾರಾಳ, ರಂಜಕ ಕಡಿಮೆ. ಆ ಕೊರತೆಯನ್ನು ಮೀನು ತುಂಬುತ್ತದೆ, ಸಾರಜನಕವನ್ನೂ ಕೊಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ತೆಂಗಿಗೆ ಬೇಕಾದದ್ದೇ. ಕೊಳೆತ ಪಾಚಿಯ ಅಂಟು ಹೊಯ್ಗೆಯಲ್ಲಿ ನೀರನ್ನು ಹಿಡಿದಿಡುತ್ತದೆ. ಕಡಲಿಂದ ಬಂದದ್ದಾದ್ದರಿಂದ ಕಳೆಯ ಬೀಜದ ಕಾಟವೂ ಇಲ್ಲ. ಅಜ್ಜಿಗೆ ಈ ಹೆಸರುಗಳು ಒಂದೂ ಗೊತ್ತಿರಲಿಲ್ಲ. ಹಾಕಿದ ಮರದ ಗರಿ ನೋಡಿ, ಹಾಕದ ಮರದ ಗರಿ ನೋಡಿ ಕಲಿತದ್ದು.

ಈಗ ಅಕ್ಕ ಬೆಂಗಳೂರಿನಲ್ಲಿದ್ದಾಳೆ. ತಾರಸಿಯ ಮೇಲೆ ಹತ್ತು ಕುಂಡ, ಒಂದರಲ್ಲಿ ಬಸಳೆ. ಮೊನ್ನೆ ಪಾಚಿರಸದ ಬಾಟಲಿ ತಂದಳಂತೆ. ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಬಿದಿರಿನ ತೆಪ್ಪ ಕಟ್ಟಿ ಕಪ್ಪಾಫೈಕಸ್ ಎಂಬ ಪಾಚಿ ಬೆಳೆಸುತ್ತಾರೆ. ಅದನ್ನು ಅರೆದು ತೆಗೆದ ರಸವನ್ನು ನೀರಿಗೆ ಬೆರೆಸಿ ಎಲೆಗೆ ಸಿಂಪಡಿಸಿದರಾಯಿತು. ಹೆಡಿಗೆ ಬೇಡ, ಮಳೆಗೆ ಕಾಯುವುದು ಬೇಡ.

“ಮುಚ್ಚಳ ತೆಗೆದು ಮೂಸಿ ನೋಡಿದೆ ಮಾರಾಯ,” ಎಂದಳು ಫೋನಿನಲ್ಲಿ. “ವಾಸನೆ ಹತ್ತಿರ ಹತ್ತಿರ ಅದೇ. ಆದ್ರೆ ಒಂದೂ ಟಪ್ ಅನ್ನೂದಿಲ್ಲ.”

ಇಬ್ಬರೂ ನಕ್ಕೆವು. ಫೋನ್ ಇಡುವ ಮೊದಲು ಅವಳೇ ಹೇಳಿದಳು: “ಶಿವರಾತ್ರಿ ಕಳೆದ ಮೇಲೆ ಬರುವುದಾದರೆ ಒಂದು ಹಿಡಿ ತಾ. ಬಿದ್ದದ್ದು ಮಾತ್ರ, ಗೊತ್ತುಂಟಲ್ಲ?”