ಬೀಳುವುದನ್ನು ಕಲಿಸುವ ವಿದ್ಯೆ

ಸೋಲು ಗೆಲುವುಗಳನ್ನು ಸಮಚಿತ್ತದಿಂದ ಸ್ವೀಕರಿಸಬೇಕೆಂಬ ಮಾತು ಪ್ರತಿಯೊಂದು ಕ್ರೀಡಾಕೂಟದ ಉದ್ಘಾಟನೆಯಲ್ಲಿಯೂ ಕೇಳಿಬರುತ್ತದೆ. ಆದರೆ ಗೆಲ್ಲುವುದನ್ನು ಕಲಿಸುವಷ್ಟು ಶ್ರದ್ಧೆಯಿಂದ ಸೋಲುವುದನ್ನು ಕಲಿಸುವ ಶಾಲೆಗಳು ವಿರಳ. ಈ ದೃಷ್ಟಿಯಿಂದ ಜೂಡೋ ಒಂದು ವಿಶಿಷ್ಟ ವಿದ್ಯೆ. ಅದರ ಮೊದಲ ಪಾಠವೇ ಬೀಳುವುದು. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಬಾಗಿಸಿ, ನೆಲ ಮುಟ್ಟುವ ಕ್ಷಣದಲ್ಲಿ ತೋಳನ್ನು ಚಾಪೆಯ ಮೇಲೆ ಬಲವಾಗಿ ಬಡಿದರೆ ಪೆಟ್ಟಿನ ಭಾರ ಹಂಚಿಹೋಗುತ್ತದೆ, ತಲೆ ಉಳಿಯುತ್ತದೆ. ಹೀಗೆ ನೂರಾರು ಸಲ ಬಿದ್ದು ಎದ್ದ ಮೇಲೆಯೇ ಎದುರಾಳಿಯನ್ನು ಎತ್ತಿ ಹಾಕುವ ಪಟ್ಟುಗಳು.

ಈ ಸತ್ಯವನ್ನು ತಡವಾಗಿ ಅರಿತವರು ಬಂಗಾರಪೇಟೆಯ ವ್ಯಾಯಾಮ ಶಿಕ್ಷಕರೊಬ್ಬರು. ಅವರ ತಂದೆ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ, ನೆಲದಿಂದ 3,000 ಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಯಲ್ಲಿ, ದುಡಿದವರು. ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕರು ಸಂಜೆ ಕಾಲ್ಚೆಂಡಿನ ಬಯಲಿಗೆ ಹೋಗುವುದನ್ನು ನೋಡುತ್ತ ಮಗ ಬೆಳೆದರು. ದುಡಿದ ದೇಹಕ್ಕೆ ಆಟವೂ ಒಂದು ಕಾಯಕವೆಂಬ ನಂಬಿಕೆ ಅವರಲ್ಲಿ ಮೂಡಿದ್ದು ಅಲ್ಲಿಯೇ. ಮುಂದೆ ಶಿಕ್ಷಕರಾದಾಗ ಅವರ ಶಿಸ್ತು ಕಠಿಣವಾಗಿತ್ತು. ಸೋತು ಬಂದ ತಂಡದೊಡನೆ ಅವರು ಆ ದಿನ ಮಾತನಾಡುತ್ತಿರಲಿಲ್ಲ.

2000ನೆಯ ಇಸವಿಯ ಕೊನೆಯ ಭಾಗದಲ್ಲಿ ಬೆಂಗಳೂರಿನಲ್ಲಿ ನಡೆದ ಶಾಲಾ ಬಾಲಕರ ಜೂಡೋ ಆಯ್ಕೆ ಸ್ಪರ್ಧೆಗೆ ಅವರು ಒಬ್ಬನೇ ವಿದ್ಯಾರ್ಥಿಯನ್ನು ಕರೆದೊಯ್ದರು. ಆತ ಮಾರಿಕುಪ್ಪಂ ಕಡೆಯ ಗಣಿ ಕಾರ್ಮಿಕರ ಸಾಲುಮನೆಯ ಹುಡುಗ. ಮನೆಮಾತು ತಮಿಳು, ಓದು ಕನ್ನಡದಲ್ಲಿ. ಊರಿಗಾಂನಲ್ಲಿ ಸಂಜೆ ಕಲಿಸುತ್ತಿದ್ದ ತರಬೇತುದಾರರೊಬ್ಬರಿಂದ ಜೂಡೋ ಕಲಿತಿದ್ದ. ಶಿಕ್ಷಕರಿಗೆ ಆ ಕ್ರೀಡೆಯ ನಿಯಮಗಳು ಅಷ್ಟಾಗಿ ತಿಳಿದಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಹುಡುಗ ಬೆನ್ನ ಮೇಲೆ ಬಿದ್ದ. ಬೆನ್ನು ಪೂರ್ತಿಯಾಗಿ, ರಭಸದಿಂದ ಚಾಪೆ ಮುಟ್ಟಿದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಎದುರಾಳಿಗೆ ನಮಿಸಿ ಹುಡುಗ ಹೊರಬಂದ.

“ಇನ್ನೇನಿದೆ? ನಡಿ, ರೈಲಿಗೆ ಹೊತ್ತಾಯಿತು” ಎಂದರು ಶಿಕ್ಷಕರು.

“ಸಾರ್, ಸ್ವಲ್ಪ ಇರೋಣ” ಎಂದು ಹುಡುಗ ಮೆಲ್ಲಗೆ ಕೇಳಿಕೊಂಡ. ಶಿಕ್ಷಕರು ಕೇಳಿಸಿಕೊಳ್ಳಲಿಲ್ಲ. ಬಂಗಾರಪೇಟೆಯ ನಿಲ್ದಾಣದಲ್ಲಿ ಅವನನ್ನು ಮಾರಿಕುಪ್ಪಂ ಗಾಡಿಗೆ ಹತ್ತಿಸುವಾಗ ಮಾತ್ರ, “ಗಣಿಯವನ ಮಗ, ಒಂದು ನಿಮಿಷ ನಿಲ್ಲಲಾರದೆ ಹೋದೆಯಲ್ಲ” ಎಂದರು.

ಕೆಲವು ದಿನಗಳ ಬಳಿಕ ಬೇರೊಂದು ಶಾಲೆಯ ಶಿಕ್ಷಕರಿಂದ ವಿಷಯ ತಿಳಿಯಿತು. ಜೂಡೋದಲ್ಲಿ ಒಂದು ಸೋಲು ಕೊನೆಯ ಸೋಲಾಗಬೇಕೆಂದಿಲ್ಲ. ಅಂದು ಅನುಸರಿಸಿದ ಪದ್ಧತಿಯಲ್ಲಿ, ತನ್ನನ್ನು ಸೋಲಿಸಿದವನು ಮೇಲಿನ ಸುತ್ತುಗಳಿಗೆ ಏರಿದರೆ ಸೋತವನಿಗೂ ಕಂಚಿನ ಪದಕದ ಹಾದಿ ಮತ್ತೆ ತೆರೆಯುತ್ತಿತ್ತು. ಹುಡುಗನನ್ನು ಕೆಡವಿದವನು ಅಂತಿಮ ಪಂದ್ಯಕ್ಕೆ ಏರಿದ್ದ. ಸಂಜೆ ಹುಡುಗನ ಹೆಸರನ್ನು ಮೂರು ಸಲ ಕೂಗಿದ್ದರು. ಆ ಹೊತ್ತಿಗೆ ಗುರು ಶಿಷ್ಯರಿಬ್ಬರೂ ರೈಲಿನಲ್ಲಿದ್ದರು.

ಶಿಕ್ಷಕರು ಇದನ್ನು ಅವನಿಗೆ ಹೇಳಬೇಕೆಂದುಕೊಂಡರು. ಇಂದು, ನಾಳೆ ಎನ್ನುವಷ್ಟರಲ್ಲಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಕ್ಕೂ ಹೆಚ್ಚು ವರ್ಷಗಳ ದುಡಿಮೆಯ ಊರು ಒಮ್ಮೆಲೇ ಬೆನ್ನ ಮೇಲೆ ಬಿದ್ದಂತಾಯಿತು. ಅನೇಕ ಕುಟುಂಬಗಳು ಚದರಿಹೋದವು. ಉಳಿದವರಲ್ಲಿ ಬಹುಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಆ ಹುಡುಗ ಶಾಲೆಗೆ ಮರಳಲಿಲ್ಲ.

ತಪ್ಪಿನ ಅರಿವು ಶಿಕ್ಷಕರನ್ನು ಗ್ರಂಥಾಲಯಕ್ಕೆ ಕರೆದೊಯ್ದಿತು. ಜೂಡೋವನ್ನು ರೂಪಿಸಿದ ಕಾನೊ ಜಿಗೊರೊ (1860–1938) ಜಟ್ಟಿಯಾಗಿದ್ದಂತೆಯೇ ಶಿಕ್ಷಕರೂ ಆಗಿದ್ದರೆಂಬುದು ಅವರಿಗೆ ಹೊಸ ಸಂಗತಿ. 1882ರಲ್ಲಿ ಟೋಕಿಯೋದ ಐಶೋಜಿ ಎಂಬ ಬೌದ್ಧ ಮಂದಿರದ ಕೊಠಡಿಯಲ್ಲಿ, ಹನ್ನೆರಡು ಚಾಪೆಗಳ ಜಾಗದಲ್ಲಿ ಕಾನೊ ತಮ್ಮ ಶಾಲೆಯನ್ನು ಆರಂಭಿಸಿದರು. ಶಕ್ತಿಯ ಸದ್ವಿನಿಯೋಗ ಮತ್ತು ಪರಸ್ಪರ ಅಭ್ಯುದಯ ಎಂಬ ಎರಡು ತತ್ವಗಳು ಅವರ ಬೋಧನೆಯ ಸಾರ. ಧರ್ಮಮಂದಿರದ ಆಶ್ರಯದಲ್ಲಿ ವಿದ್ಯೆ ಬೆಳೆಯುವುದು, ದುಡಿಮೆಯ ಫಲ ತನಗೊಬ್ಬನಿಗೇ ಅಲ್ಲವೆಂದು ತಿಳಿಯುವುದು ಕಾಯಕ ದಾಸೋಹಗಳ ನಾಡಿನವರಿಗೆ ಅಪರಿಚಿತ ವಿಚಾರಗಳಲ್ಲ. 1929ರಲ್ಲಿಯೇ ರವೀಂದ್ರನಾಥ ಠಾಕೂರರು ಜಪಾನಿನಿಂದ ತಕಗಾಕಿ ಶಿನ್ಜೊ ಎಂಬ ಜೂಡೋ ಗುರುವನ್ನು ಶಾಂತಿನಿಕೇತನಕ್ಕೆ ಬರಮಾಡಿಕೊಂಡಿದ್ದರು.

1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಬಾರಿಗೆ ಸೇರಿದಾಗ ನಡೆದ ಘಟನೆಯನ್ನು ಶಿಕ್ಷಕರು ತರಗತಿಗಳಲ್ಲಿ ಮರಳಿ ಮರಳಿ ಹೇಳುತ್ತಿದ್ದರು. ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಪಂದ್ಯದಲ್ಲಿ ನೆದರ್ಲೆಂಡ್ಸಿನ ಆಂಟನ್ ಗೀಸಿಂಕ್ ಜಪಾನಿನ ಕಮಿನಾಗ ಅಕಿಯೊ ಅವರನ್ನು ಜಪಾನಿನ ನೆಲದಲ್ಲಿಯೇ ಸೋಲಿಸಿದರು. ಹರ್ಷೋದ್ಗಾರದಿಂದ ಚಾಪೆಯತ್ತ ಧಾವಿಸಿದ ತಮ್ಮ ನಾಡಿನವರನ್ನು ಗೀಸಿಂಕ್ ಕೈ ಎತ್ತಿ ತಡೆದರು. ಸೋತವರಿಗೆ ನಮಿಸುವ ಕ್ರಮ ಇನ್ನೂ ಬಾಕಿಯಿತ್ತು. ಈ ಭಾಗಕ್ಕೆ ಬಂದಾಗ ಶಿಕ್ಷಕರ ದನಿ ತಗ್ಗುತ್ತಿತ್ತು. ಗೆದ್ದವನು ಎದುರಾಳಿಗೆ ತೋರಿದ ಗೌರವವನ್ನು ತಾವು ಸ್ವಂತ ಶಿಷ್ಯನಿಗೆ ತೋರಲಿಲ್ಲವೆಂಬ ನೋವು ಅದರಲ್ಲಿತ್ತು.

ಏಷ್ಯನ್ ಕ್ರೀಡಾಕೂಟಕ್ಕೆ ಜೂಡೋ ಬಂದದ್ದು 1986ರಲ್ಲಿ, ಸೋಲ್ ನಗರದಲ್ಲಿ. ಆ ಮೊದಲ ಸಲವೇ ಭಾರತೀಯರು ನಾಲ್ಕು ಕಂಚಿನ ಪದಕಗಳನ್ನು ತಂದರು. 2018ರ ಆಗಸ್ಟ್‌ನಲ್ಲಿ ಜಕಾರ್ತದ ಕೂಟದಲ್ಲಿ ಕುರಾಶ್ ಎಂಬ ಮಧ್ಯ ಏಷ್ಯಾದ ಕುಸ್ತಿಯನ್ನು ಮೊದಲ ಬಾರಿಗೆ ಪದಕದ ಕ್ರೀಡೆಯಾಗಿ ಆಡಿಸಲಾಯಿತು. ಅದು ಜೂಡೋಗೆ ಹತ್ತಿರದ ಬಂಧು. ನಿಂತೇ ಸೆಣಸಬೇಕು, ನೆಲದ ಪಟ್ಟುಗಳಿಲ್ಲ. ಬೆಳಗಾವಿ ತಾಲ್ಲೂಕಿನ ತುರಮುರಿಯ ರೈತ ಕುಟುಂಬದ ಮಲಪ್ರಭಾ ಜಾಧವ್ ಜೂಡೋದಲ್ಲಿ ಪಳಗಿದವರು. ಮಹಿಳೆಯರ 52 ಕಿಲೋ ವಿಭಾಗದ ಕುರಾಶ್‌ನಲ್ಲಿ ಅವರು ಕಂಚು ಗೆದ್ದರು. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಅಲ್ಲಿ ಕಂಚು ಸಲ್ಲುತ್ತದೆ.

ಆ ವಾರದ ಒಂದು ಸಂಜೆ ಬಂಗಾರಪೇಟೆಯ ನಿಲ್ದಾಣದಲ್ಲಿ ಶಿಕ್ಷಕರ ಎದುರಿಗೆ ಮೂವತ್ತು ದಾಟಿದ ವ್ಯಕ್ತಿಯೊಬ್ಬ ಬಂದು ಕೈಮುಗಿದ. ಬೆಂಗಳೂರಿನ ಕಾರ್ಖಾನೆಯಿಂದ ಮರಳುತ್ತಿದ್ದ ಅವನ ಹೆಗಲಲ್ಲಿ ಊಟದ ಚೀಲವಿತ್ತು.

“ಚೆನ್ನಾಗಿದ್ದೀರಾ ಸಾರ್? ಬೆಳಗಾವಿಯ ಹುಡುಗಿ ಪದಕ ಗೆದ್ದಳಂತೆ, ನೋಡಿದಿರಾ?”

ಶಿಕ್ಷಕರಿಗೆ ಗುರುತು ಸಿಕ್ಕಿತು. “ಅಂದು ನಿನ್ನ ಹೆಸರು ಕೂಗಿದ್ದರಪ್ಪ. ನನಗೆ ನಿಯಮ ತಿಳಿದಿರಲಿಲ್ಲ. ತಪ್ಪು ನನ್ನದು” ಎಂದರು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನನಗೆ ಗೊತ್ತಿತ್ತು ಸಾರ್. ಅದಕ್ಕೇ ಇರೋಣ ಅಂದಿದ್ದೆ” ಎಂದ. ಮಾರಿಕುಪ್ಪಂ ಗಾಡಿ ಬಂತು. ಮತ್ತೊಮ್ಮೆ ಕೈಮುಗಿದು ಅವನು ಹತ್ತಿಕೊಂಡ.

ನಿವೃತ್ತರಾಗುವವರೆಗೂ ಆ ಶಿಕ್ಷಕರ ತಂಡಗಳು ಕೊನೆಯ ಹೆಸರನ್ನು ಕರೆದು ಮುಗಿಯುವ ಮುನ್ನ ಕ್ರೀಡಾಂಗಣ ಬಿಡಲಿಲ್ಲ. ಈಗಲೂ ಅವರು ಸಂಜೆ ಮಕ್ಕಳನ್ನು ಸೇರಿಸಿ ಚಾಪೆಯ ಮೇಲೆ ಬೀಳುವುದನ್ನು ಕಲಿಸುತ್ತಾರೆ. ಇದಕ್ಕೆ ವಿಶಾಲವಾದ ಬಯಲು ಬೇಡ. ಒಂದು ಕೊಠಡಿ, ಮೆತ್ತನೆಯ ಚಾಪೆ, ಬಲ್ಲ ಗುರು ಇದ್ದರೆ ಸಾಕು. ವಿದ್ಯಾಸಂಸ್ಥೆಗಳೂ ಅವುಗಳನ್ನು ಪೋಷಿಸುವ ಮಹನೀಯರೂ ಇತ್ತ ಗಮನ ಹರಿಸಿದರೆ ಬಿದ್ದ ಮಗುವಿಗೆ ಏಳುವ ದಾರಿ ತಿಳಿದೀತು. ಆ ಮಗು “ಸ್ವಲ್ಪ ಇರೋಣ” ಎಂದಾಗ ನಿಂತು ಕೇಳುವ ವ್ಯವಧಾನ ಗುರುವಿಗೂ ಬಂದೀತು.