ಸೋತವನ ಚಪ್ಪಾಳೆ

ಮುಗಿದ ಆಟವನ್ನು ಮರಳಿ ಆಡಿ ನೋಡುವ ಸುಖ ಚದುರಂಗದಲ್ಲಿದೆ. ಪಂದ್ಯದ ಒಂದೊಂದು ನಡೆಯನ್ನೂ ಬರೆದಿಡುವ ಪದ್ಧತಿ ಇರುವುದರಿಂದ, ಎಲ್ಲಿಯೋ ಎಂದೋ ನಡೆದ ಆಟವನ್ನು ನಮ್ಮ ಮನೆಯ ಜಗುಲಿಯಲ್ಲಿ ಕುಳಿತೇ ಕಾಣಬಹುದು. ಹಾಗೆ ನಾನು ಎಷ್ಟು ಬಾರಿ ಆಡಿ ನೋಡಿದರೂ ತಣಿಯದ ಆಟವೊಂದಿದೆ. ಅದು 1972ರ ಜುಲೈ 23ರಂದು ಐಸ್‌ಲೆಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಆರನೆಯ ಆಟ.

ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ 1969ರಿಂದ ವಿಶ್ವವಿಜೇತನಾಗಿದ್ದನು. ಅವನ ಎದುರಾಳಿ ಅಮೆರಿಕದ ಬಾಬಿ ಫಿಷರ್. ಐದು ಆಟಗಳು ಮುಗಿದಾಗ ಇಬ್ಬರಿಗೂ ಎರಡೂವರೆ ಅಂಕ. 1948ರಿಂದ ಸೋವಿಯತ್ ಆಟಗಾರರ ಕೈಬಿಡದ ಪದವಿ ಪಣದಲ್ಲಿತ್ತು. ಎರಡು ಬಲಿಷ್ಠ ರಾಷ್ಟ್ರಗಳ ವೈಮನಸ್ಯದ ನೆರಳೂ ಆ ಮಣೆಯ ಮೇಲೆ ಬಿದ್ದಿತ್ತು.

ಆ ದಿನ ಬಿಳಿಯ ಕಾಯಿಗಳು ಫಿಷರನವು. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಆಟ ತೊಡಗುವುದು ಅವನ ಬಹುಕಾಲದ ರೂಢಿ. ಅಂದು ಅವನು ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ನಡೆಸಿದನು. ಮೂರನೆಯ ನಡೆಯ ವೇಳೆಗೆ ಆಟವು ‘ಕ್ವೀನ್ಸ್ ಗ್ಯಾಂಬಿಟ್’ ಎಂಬ ಪ್ರಾರಂಭಕ್ಕೆ ತಿರುಗಿತು. ಅದಕ್ಕೆ ಸ್ಪಾಸ್ಕಿ ಒಡ್ಡಿದ ಟಾರ್ಟಕೋವರ್ ರಕ್ಷಣೆ ಅವನ ನೆಚ್ಚಿನ ಅಸ್ತ್ರ. ಫಿಷರ್ ತನ್ನ ರೂಢಿಯನ್ನು ಬಿಟ್ಟು ಎದುರಾಳಿಯ ಅಂಗಳಕ್ಕೇ ಕಾಲಿಟ್ಟಿದ್ದನು.

ಮುಂದಿನ ನಡೆಗಳಲ್ಲಿ ಅಬ್ಬರವಿಲ್ಲ. ಬಿಳಿಯ ಕಾಲಾಳುಗಳು ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುತ್ತವೆ. ಕಪ್ಪು ಕಾಯಿಗಳಿಗೆ ಉಸಿರಾಡಲು ಎಡೆ ಸಾಲದಾಗುತ್ತದೆ. ಕಪ್ಪು ಮಂತ್ರಿ ಬೇರೆ ದಾರಿಗಾಣದೆ ಎರಡೇ ಮನೆಗಳ ನಡುವೆ ಅತ್ತಿತ್ತ ಸರಿದಾಡುತ್ತಾನೆ. 38ನೆಯ ನಡೆಯಲ್ಲಿ ಫಿಷರ್ ತನ್ನ ಆನೆಯೊಂದನ್ನು ತೆತ್ತು, ಕಪ್ಪು ರಾಜನ ಕಾವಲಿಗೆ ಬಂದ ಕುದುರೆಯನ್ನು ಕೆಡವುತ್ತಾನೆ. 41ನೆಯ ನಡೆಗೆ ಸ್ಪಾಸ್ಕಿ ಸೋಲನ್ನೊಪ್ಪಿದನು.

ಸಭಿಕರು ಚಪ್ಪಾಳೆ ತಟ್ಟಿದರು. ಅವರೊಡನೆ ಸ್ಪಾಸ್ಕಿಯೂ ಚಪ್ಪಾಳೆ ತಟ್ಟಿದನು!

ನಾಡಿನ ನಿರೀಕ್ಷೆಯ ಭಾರ ಹೊತ್ತು ಕುಳಿತವನಿಗೆ ಇದು ಹೇಗೆ ಸಾಧ್ಯವಾಯಿತು? ನನಗೆ ತೋರುವುದಿಷ್ಟು: ಆ ಆಟದ ಸೊಬಗನ್ನು ಅವನಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿರಲಿಲ್ಲ. ಪ್ರತಿಯೊಂದು ನಡೆಯನ್ನೂ ತಡೆಯಲು ಹೆಣಗಿದವನಿಗೇ ಅದರ ಬೆಲೆ ಚೆನ್ನಾಗಿ ತಿಳಿದಿತ್ತು. ತನ್ನ ಸೋಲಿನ ನೋವು ಆ ಸೊಬಗಿಗೆ ಅಡ್ಡಬರದಂತೆ ಅವನು ನೋಡಿಕೊಂಡನು.

ಕೊನೆಗೆ ಫಿಷರ್ ಹನ್ನೆರಡೂವರೆ ಅಂಕ ಪಡೆದು, ಎಂಟೂವರೆ ಅಂಕಗಳ ಸ್ಪಾಸ್ಕಿಯಿಂದ ಪದವಿಯನ್ನು ಗೆದ್ದುಕೊಂಡನು. ಫಿಷರ್ 2008ರಲ್ಲಿ ತೀರಿಕೊಂಡನು, ಸ್ಪಾಸ್ಕಿ 2025ರಲ್ಲಿ. ಆ ಪದವಿಯೂ ಅನಂತರ ಹಲವರ ಕೈ ದಾಟಿದೆ. ಗೆಲ್ಲುವ ವಿದ್ಯೆಯನ್ನು ಕಲಿಸುವ ಗ್ರಂಥಗಳು ಬೇಕಾದಷ್ಟಿವೆ. ಎದುರಾಳಿಯ ಹಿರಿಮೆಯನ್ನು ಕಂಡು ಮನಸಾರೆ ಮೆಚ್ಚುವ ವಿದ್ಯೆಯನ್ನು ನಾನು ಕಲಿತದ್ದು ಸೋತವನ ಆ ಎರಡು ಕೈಗಳಿಂದ.